ಕಡಲು ಬಿಟ್ಟುಕೊಟ್ಟವರು

ನಮ್ಮ ಹೋಟೆಲಿನ ಎದುರಿನ ಕಂಬಕ್ಕೆ ಕಟ್ಟಿದ ಫ್ಲೆಕ್ಸಿನಲ್ಲಿ ಅವರು ನಗುತ್ತಿದ್ದಾರೆ. ತಲೆಗೆ ಕೆಂಪು ಮುಂಡಾಸು, ಹೆಗಲ ಮೇಲೆ ಹಗ್ಗ, ಹಿಂದೆ ಕಂಪ್ಯೂಟರಿನಲ್ಲಿ ಬಳಿದ ಸೂರ್ಯಾಸ್ತ. ಕೆಳಗೆ 'ಕರಾವಳಿ ಪ್ರವಾಸೋದ್ಯಮದ ರಾಯಭಾರಿಗೆ ಭಾವಪೂರ್ಣ ಶ್ರದ್ಧಾಂಜಲಿ' ಎಂದಿದೆ. ಹಾಕಿಸಿದವರು ಕಡಲಬದಿಯ ರೆಸಾರ್ಟಿನವರು. ಕೊಲ್ಲೂರಿಗೆ ಹೋಗುವ ಬಸ್ಸು ಚಹಾಕ್ಕೆ ನಿಂತಾಗ ಯಾರೋ ಒಬ್ಬರು ಇಳಿದು ಬಂದು, "ಯಾರು ಸಾರ್ ಇವರು, ಯಕ್ಷಗಾನದವರಾ?" ಎಂದು ಕೇಳಿದರು. ಅಲ್ಲ, ಮೀನು ಹಿಡಿಯುತ್ತಿದ್ದವರು ಎಂದೆ. ಆ ಮುಂಡಾಸು ನಮ್ಮೂರಿನದ್ದೇ ಅಲ್ಲ, ಯಾವ ಊರಿನದ್ದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಬಯ್ಯಬೇಕೆಂದೇ ಈ ನಾಲ್ಕು ಮಾತು ಬರೆಯಲು ಕೂತಿದ್ದೇನೆ. ಸತ್ತವರ ಬಗ್ಗೆ ಬರೆಯುವಾಗ ಮೆತ್ತಗೆ ಬರೆಯಬೇಕು ಎನ್ನುತ್ತಾರೆ. ನನಗೆ ಮೆತ್ತಗೆ ಬರುವುದಿಲ್ಲ. ಇಷ್ಟು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕೂತವನು ನಾನು, ಮೊದಲು ಮುಂಬೈಯಲ್ಲಿ, ಆಮೇಲೆ ಕುಂದಾಪುರದಿಂದ ಬೈಂದೂರಿಗೆ ಹೋಗುವ ಈ ಹೆದ್ದಾರಿಯ ಬದಿಯಲ್ಲಿ. ಅವರ ಮನೆ ನಮ್ಮ ಹೋಟೆಲಿನ ಹಿಂದೆ, ತೆಂಗಿನ ಮರಗಳ ಆಚೆ. ಕೈರಂಪಣಿಯ ಯಜಮಾನರಾಗಿದ್ದರು. ದಡದಿಂದಲೇ ಎಳೆಯುವ ದೊಡ್ಡ ಬಲೆ ಅದು. ದೋಣಿಯೊಂದು ಕಡಲಿಗೆ ಇಳಿದು ಅರ್ಧ ಸುತ್ತು ಬಲೆ ಬಿಡುತ್ತ ಬರುತ್ತದೆ. ಎರಡು ತುದಿಯ ಹಗ್ಗಗಳನ್ನು ಎರಡು ಗುಂಪು ದಡದಲ್ಲಿ ನಿಂತು ಎಳೆಯುತ್ತದೆ. ಎಳೆಯುವುದಕ್ಕೆ ಊರಿಗೆ ಊರೇ ಬೇಕು.

ಮೆರೆಯುವ ಸ್ವಭಾವದ ಮನುಷ್ಯ. ಸೊಂಟದ ಕೆಳಗೆ ಉಪ್ಪುನೀರು ತೊಟ್ಟಿಕ್ಕುವ ಲುಂಗಿ, ಮೇಲೆ ಇಸ್ತ್ರಿ ಹಾಕಿದ ಬಿಳಿ ಅಂಗಿ, ಕಾಲರಿನ ಒಳಗೆ ಮಡಚಿಟ್ಟ ಕರ್ಚೀಪು. ಬಲೆ ಎಳೆಯುವಾಗ ಅಂಗಿ ಬಿಚ್ಚಿ ದೋಣಿಯ ಮೂತಿಗೆ ತೂಗುಹಾಕುತ್ತಿದ್ದರು. ಮೀನು ಬಿದ್ದಿತೆಂದರೆ ಮೊದಲು ಅಂಗಿ ತೊಟ್ಟು, ಆಮೇಲೆ ಪಾಲು ಮಾಡಲು ನಿಲ್ಲುತ್ತಿದ್ದರು. ಹೋಟೆಲಿಗೆ ಬಂದರೆ ಕೈತೊಳೆಯುವ ತೊಟ್ಟಿಯ ಮೇಲಿನ ಕನ್ನಡಿಯಲ್ಲಿ ಮೀಸೆ ಬಾಚುವವರೆಗೆ ಹಿಂದಿನವರಿಗೆ ದಾರಿ ಬಿಡುತ್ತಿರಲಿಲ್ಲ. ಅಡಿಗೆಮನೆಗೆ ನುಗ್ಗಿ ನಾನು ತರಿಸಿಟ್ಟ ಬಂಗಡೆಯ ಕಿವಿರು ಎತ್ತಿ ನೋಡಿ, ಊಟಕ್ಕೆ ಕೂತವರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು, "ಎಂತ ಮಾರಾಯ್ರೆ, ಇದ್ ನಿನ್ನಿದ್ ಮೀನ್. ಇದನ್ ಗಿರಾಕಿಗ್ ಹಾಕ್ತ್ರ್ಯಾ?" ನಾನು ಅವರನ್ನು ಎಷ್ಟೋ ಸಲ ಹೊರಗೆ ಕಳಿಸಿದ್ದೇನೆ. ಮರುದಿನ ಮತ್ತೆ ಬರುತ್ತಿದ್ದರು.

ಊರಿಗೆ ಪ್ರವಾಸೋದ್ಯಮ ಬರಬೇಕು ಎಂದು ನಮ್ಮಲ್ಲಿ ಮೊದಲು ಕೂಗಿದವರೇ ಅವರು. ಈ ಮಾತನ್ನು ಮುಚ್ಚಿಟ್ಟು ಅವರನ್ನು ಪಾಪದವರೆಂದು ತೋರಿಸಲು ನನಗೆ ಮನಸ್ಸಿಲ್ಲ. ಯಾವುದೋ ಸಂಘದವರ ಜೊತೆ ಒಮ್ಮೆ ಗೋವಾಕ್ಕೆ ಹೋಗಿ ಬಂದರು, ಬಂದವರಿಗೆ ತಲೆ ನಿಲ್ಲಲಿಲ್ಲ. ನನ್ನ ಗಲ್ಲೆಯ ಎದುರು ನಿಂತು ಅಲ್ಲಿಯ ಮರಳದಂಡೆಯ ಬಗ್ಗೆ ಭಾಷಣ ಮಾಡಿದರು.

"ಗೋವಾದಗೆ ಹೊಯ್ಗಿ ಮೇಲ್ ಕುರ್ಚಿ ಹಾಕಿ, ಅದ್ರಗೇ ಉಂಡ್ಕಂಡ್ ಇದ್ರ್ ಮಾರಾಯ್ರೆ. ನಮ್ಮಲ್ಲ್ ಹೊಯ್ಗಿ ಇಲ್ಯಾ? ಕಡ್ಲ್ ಇಲ್ಯಾ?"

ಅವರ ಹೆಂಡತಿ ಮೀನು ಮಾರುವವರು. ಬುಟ್ಟಿ ಇಳಿಸಿ ಹೊಸ್ತಿಲಲ್ಲಿ ನೀರು ಕುಡಿಯುತ್ತಿದ್ದವರು ಅಲ್ಲಿಂದಲೇ ಕೇಳಿದರು, "ಕುರ್ಚಿ ಹಾಕುದ್ ಯಾರ್, ಕೂಕಂಬುದ್ ಯಾರ್, ಅದನ್ ಕಂಡ್ಕಂಡ್ ಬಂದ್ರ್ಯಾ?"

ಹೋಟೆಲಿನಲ್ಲಿದ್ದವರೆಲ್ಲ ನಕ್ಕರು. ಅವರಿಗೂ ನಗು ಬಂತು.

ಕುಂದಾಪುರದಲ್ಲಿ ಆಗಿನಿಂದ ಸಭೆಗಳು ಶುರುವಾದವು. ಬ್ರಹ್ಮಾವರದಿಂದ ಬೈಂದೂರಿನವರೆಗೆ ನಮ್ಮ ಕಡಲತೀರಕ್ಕೆ 'ಅಪಾರ ಸಾಧ್ಯತೆ' ಇದೆ ಎನ್ನುವುದು ಪ್ರತಿ ಸಭೆಯ ಮಾತು. ಇವರು ಮುಂದಿನ ಸಾಲಿನಲ್ಲಿ ಬಿಳಿ ಅಂಗಿ ಹಾಕಿ ಕೂತಿರುತ್ತಿದ್ದರು. ಒಮ್ಮೆ ಮೈಕು ಹಿಡಿದು ಮಾತಾಡಿದ್ದನ್ನು ನಾನೇ ಕೇಳಿದ್ದೇನೆ. "ಊರಿಗ್ ಜನ ಬಪ್ಪುದಂದ್ರೆ ಹಬ್ಬ. ಬಂದವ್ರಿಗ್ ಜಾಗ ಮಾಡಿ ಕೊಡುಕ್ ನಮ್ಗೆ ಯಾರೂ ಕಲ್ಸುದ್ ಬ್ಯಾಡ." ಜೋರು ಚಪ್ಪಾಳೆ ಬಿತ್ತು. ಆ ಚಪ್ಪಾಳೆ ತಟ್ಟಿದವರಲ್ಲೇ ಯಾರೋ ಇವರನ್ನು ಗುರುತು ಮಾಡಿಟ್ಟುಕೊಂಡಿರಬೇಕು ಎಂದು ನನಗೆ ಈಗ ಅನ್ನಿಸುತ್ತದೆ.

ರೆಸಾರ್ಟಿನವರು ಬಂದು ಕೇಳಿದ್ದು ಬಲೆ ಒಣಗಿಸುವ ಹೊಯ್ಗೆಯ ದಿಬ್ಬ, ದೋಣಿಯ ಚಪ್ಪರ ಮತ್ತು ಅದರ ಎದುರಿನ ದಡ. ಬೀಚ್ ಉತ್ಸವ ಮಾಡುತ್ತೇವೆ, ಒಂದು ಸೀಸನ್ನಿಗೆ ದೋಣಿ, ಬಲೆ ಪಕ್ಕಕ್ಕಿಡಿ, ನಿಮ್ಮ ಹುಡುಗರಿಗೆ ಕೆಲಸವೂ ಸಿಗುತ್ತದೆ ಎಂದರು. ಇವರು ನಿಂತಲ್ಲೇ ಒಪ್ಪಿದರು.

ಹೇಗೆ ಒಪ್ಪಿದರು ಎನ್ನುವುದಕ್ಕೆ ನಮ್ಮ ದಡದ ಒಂದು ಕ್ರಮ ಹೇಳಬೇಕು. ನಮ್ಮಲ್ಲಿ ಬೇರೆ ಬೇರೆ ರಂಪಣಿ ತಂಡಗಳಿದ್ದವು. ಒಂದು ತಂಡದ ಎದುರಿಗೆ ಮೀನು ಬಂದು, ಅವರ ಬಲೆ ಹರಿದೋ ಜನ ಸಾಲದೆಯೋ ಕೂತಿದ್ದರೆ, ಇನ್ನೊಂದು ತಂಡದ ಯಜಮಾನ ಬಂದು ದೂರದಲ್ಲಿ ನಿಂತು, "ಹ್ವಾಯ್, ಕಡ್ಲ್ ಬಿಟ್ಕೊಡ್ತ್ರ್ಯಾ?" ಎಂದು ಕೇಳುತ್ತಾನೆ. ಇವನು "ಹಾಕಿ" ಎನ್ನುತ್ತಾನೆ. ಬಲೆ ಎಳೆದಾದ ಮೇಲೆ ತೆಗೆದುಕೊಂಡವನೇ ಒಂದು ಬುಟ್ಟಿ ಮೀನು ಹಿಡಿದು ಬಂದು, "ನಿಮ್ ಕಡ್ಲ್ ನಿಮ್ಗೆ" ಎಂದು ಹೇಳಿ ಹೋಗಬೇಕು. ಕೊಟ್ಟವನು ವಾಪಸು ಕೇಳುವ ಹಾಗಿಲ್ಲ. ಕೊಟ್ಟವನ ಬಾಯಲ್ಲಿ ಕೇಳಿಸಿಕೊಂಡರೆ ತೆಗೆದುಕೊಂಡವನಿಗೆ ಅದರಂಥ ಅವಮಾನ ಇಲ್ಲ. ಹಾಗೆ ಕೇಳಬೇಕಾಗಿ ಬಂದದ್ದನ್ನು ನಮ್ಮ ದಡದಲ್ಲಿ ಯಾರೂ ಕಂಡವರಿರಲಿಲ್ಲ.

ತಂಡದವನೊಬ್ಬ, "ಒಂದ್ ಕಾಗ್ದ ಮಾಡ್ಸ್ಕಂಬ" ಎಂದ. ಇವರಿಗೆ ಸಿಟ್ಟೇ ಬಂತು. "ಕಡ್ಲಿಗ್ ಕಾಗ್ದ ಮಾಡ್ದವ್ರ್ ಯಾರಿದ್ರ್? ನಿನ್ ಅಜ್ಜ ಮಾಡ್ಸಿದ್ನಾ?" ಅಲ್ಲಿಗೆ ಮಾತು ಮುಗಿಯಿತು. ದೋಣಿಯನ್ನು ಉರುಳಿಸಿಕೊಂಡು ಹೋಗಿ ತಮ್ಮ ಮನೆಯ ಅಂಗಳದಲ್ಲಿಟ್ಟರು.

ಉತ್ಸವ ಆಯಿತು. ಗಾಳಿಪಟ, ಹಾಡು, ಮಂತ್ರಿಗಳು ಎಲ್ಲ ಆಯಿತು. ನನಗೂ ವ್ಯಾಪಾರವಾಯಿತು, ಸುಳ್ಳು ಯಾಕೆ ಹೇಳಲಿ. ಸೀಸನ್ನು ಮುಗಿದು ಮಳೆ ಬಂತು. ಮಳೆ ಹೋಯಿತು. ಇವರು ಬಲೆ ರಿಪೇರಿ ಮಾಡಿಸಿ, ದೋಣಿಗೆ ಎಣ್ಣೆ ಹಚ್ಚಿ, ದಿನಾ ಬೆಳಿಗ್ಗೆ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತರು. ರೆಸಾರ್ಟಿನವರು ಬಂದು ಕಡಲು ವಾಪಸು ಒಪ್ಪಿಸಿ ಹೋಗುತ್ತಾರೆಂದು ಕಾದರು. ನಗಬೇಡಿ. ಅವರು ನಿಜವಾಗಿ ಕಾದರು.

ನಾನು ಹೇಳಿದೆ, "ಗೇಟ್ ಒಡ್ದ್ ದೋಣಿ ಇಳ್ಸಿ ಮಾರಾಯ್ರೆ. ಎಂತ ಆತ್ತ್, ಕಾಂಬ."

"ಛೇ, ಕೇಣುಕಾಗ. ನಾವ್ ಕೇಂಡ್ರೆ ಅವ್ರಿಗ್ ನಾಚ್ಕಿ" ಎಂದರು.

ಯಾರಿಗೆ ನಾಚಿಕೆ? ಇವರು ಕಾಯುತ್ತಿದ್ದಾಗ ಆಚೆ ಕೆಂಪುಕಲ್ಲಿನ ಗೋಡೆ ಬಂತು, ಚಪ್ಪರವಿದ್ದಲ್ಲಿ ಈಜುಕೊಳ ಬಂತು. ಈಜುಕೊಳ, ಕಡಲಿನ ಎದುರಿಗೆ! ಕಡೆಗೆ ಮರ್ಯಾದೆ ಬಿಟ್ಟು ಹೋಗಿ ಕೇಳಿಯೇಬಿಟ್ಟರು. ಮ್ಯಾನೇಜರ್ ಬೆಂಗಳೂರು ಕಡೆಯ ಹುಡುಗ, ಕೆಟ್ಟವನಲ್ಲ, ಎಲ್ಲರನ್ನೂ ಅಂಕಲ್ ಎನ್ನುವವನು. "ಯಾವ ಕಡಲು ಅಂಕಲ್? ನಾನು ಬಂದು ಆರು ತಿಂಗಳಾಯ್ತು ಅಷ್ಟೆ. ನಂಗೆ ಯಾರೂ ಏನೂ ಹೇಳಿಲ್ವಲ್ಲ" ಎಂದನಂತೆ. ಮಾತು ತೆಗೆದುಕೊಂಡವರು ಬೇರೆ ಊರಿಗೆ ವರ್ಗವಾಗಿ ಹೋಗಿದ್ದರು. ಆಮೇಲೆ ಪ್ರತಿ ವರ್ಷ ಮಳೆ ಹೋದ ಮೇಲೆ ಇವರು ಹೋಗಿ ಕೇಳುವುದು, ಪ್ರತಿ ವರ್ಷ ಬೇರೆ ಮ್ಯಾನೇಜರ್ ಕಾಫಿ ಕೊಟ್ಟು ಕಳಿಸುವುದು. ದಡ ಸರ್ಕಾರದ್ದು, ಸರ್ಕಾರ ನಮಗೆ ಕೊಟ್ಟಿದೆ ಎಂದು ಒಬ್ಬ ಹೇಳಿದ. ತಾಲೂಕು ಕಚೇರಿಗೆ ಹೋದರೆ, ನೀವು ಬಿಟ್ಟುಕೊಟ್ಟಿದ್ದಿರಲ್ಲ ಎಂದರು. ಕುಂದಾಪುರದ ಸಭೆಗಳಿಗೂ ಹೋದರು. ಹಿಂದಿನ ಸಾಲಿನಲ್ಲಿ ಕೈ ಎತ್ತಿಕೊಂಡು ಕೂತಿದ್ದನ್ನು ನಾನು ನೋಡಿದ್ದೇನೆ. ಮೈಕು ಅಲ್ಲಿಯವರೆಗೆ ಬರಲಿಲ್ಲ.

ಕೆಲಸ ಸಿಗಲಿಲ್ಲವೆಂದಲ್ಲ. ಹುಲ್ಲಿಗೆ ನೀರು ಬಿಡುವುದು, ಹಾಸಿಗೆಯ ಬಟ್ಟೆ ಬದಲಿಸುವುದು, ಗೇಟಿನಲ್ಲಿ ಸೆಲ್ಯೂಟ್ ಹೊಡೆಯುವುದು ಸಿಕ್ಕಿತು. ಅಡಿಗೆಯವರು ಬೇರೆ ರಾಜ್ಯದವರು, ಮೀನು ಕೋಲ್ಡ್ ಸ್ಟೋರೇಜಿನದ್ದು. ಬಿಜೂರಿನ ಕಡೆ ಭತ್ತ ಬೆಳೆಯುತ್ತಿದ್ದ ನನ್ನ ನೆಂಟರೊಬ್ಬರು ಗದ್ದೆಗೆ ಮಣ್ಣು ತುಂಬಿಸಿ ಹೋಂಸ್ಟೇ ಕಟ್ಟಿಸಿ, ಈಗ ಬಂದವರಿಗೆ ತೋರಿಸಲು ಪಕ್ಕದವರ ಗದ್ದೆ ಹಸಿರಾಗಿರಲಿ ಎಂದು ಕಾಯುತ್ತಾರೆ. ಇವರ ತಂಡದ ಗಂಡಸರು ಕೆಲವರು ಗಂಗೊಳ್ಳಿಯ ಬೋಟಿಗೆ ಹೋದರು, ಕೆಲವರು ಮುಂಬೈಗೆ. ಇನ್ನೂ ಸಾಧ್ಯತೆ ಅಪಾರವಾಗಿದೆಯೆಂದು ಸಭೆಯಲ್ಲಿ ಹೇಳುತ್ತಲೇ ಇದ್ದಾರೆ. ಇರಬಹುದು. ಅದು ಯಾರಿಗೆ ಎಂದು ಕೇಳಿದರೆ ಊಟಕ್ಕೆ ಏಳುತ್ತಾರೆ.

ಇಷ್ಟಾದ ಮೇಲೆ ಒಂದು ವರ್ಷ ರೆಸಾರ್ಟಿನವರೇ ಅವರ ಮನೆಗೆ ಬಂದರು. ಬರುವ ಅತಿಥಿಗಳಿಗೆ ಸ್ಥಳೀಯ ಬದುಕು ತೋರಿಸಬೇಕಂತೆ, ನಮ್ಮ ಬೀಚಿನಲ್ಲಿ ಒಂದು ಸಂಜೆ ಬಲೆ ಎಳೆಯುತ್ತೀರಾ ಎಂದು ಕೇಳಿದರು. ಅವರು ನನ್ನ ಹೋಟೆಲಿಗೆ ಓಡಿಬಂದರು. ಅಂಗಿಯ ಗುಂಡಿಗಳು ಅಡ್ಡಾದಿಡ್ಡಿಯಾಗಿದ್ದವು.

"ಕಡ್ಲ್ ಬಿಟ್ರ್ ಮಾರಾಯ್ರೆ. ತಡ ಆಯ್ತ್, ಆದ್ರೂ ಬಿಟ್ರ್."

ಅವರ ಮುಖ ನೋಡಿ, ಗುಂಡಿ ಸರಿ ಮಾಡಿಕೊಳ್ಳಿ ಎಂದಷ್ಟೇ ಹೇಳಿದೆ.

ಗಂಗೊಳ್ಳಿಗೆ ಹೋಗಿ ಹಳೆಯ ತಂಡದವರನ್ನು ಕಾಡಿಬೇಡಿ ಒಟ್ಟು ಮಾಡಿದರು. ಆವತ್ತು ನಾನೂ ಹೋಗಿದ್ದೆ. ಅವರು ನಾಟಕಕ್ಕೆ ಬಲೆ ಬಿಡಲಿಲ್ಲ. ನೀರು ನೋಡಿ, ಗಾಳಿ ನೋಡಿ, ದೋಣಿಯವರಿಗೆ ಬೈದು, ಮೊದಲಿನ ಹಾಗೇ ಬಿಟ್ಟರು. ಬಲೆ ತುಂಬ ಬೈಗೆ ಮೀನು ಬಿತ್ತು. ಅತಿಥಿಗಳು ಬಂದು ಹಗ್ಗ ಹಿಡಿದು ಫೋಟೋ ತೆಗೆಸಿಕೊಂಡರು. ಪುಟ್ಟ ಹೆಣ್ಣುಮಗುವೊಂದು ಅಪ್ಪನ ತೋಳಿನಿಂದ ಕೈಚಾಚಿ ಹಗ್ಗ ಮುಟ್ಟಿತು.

ಹಗ್ಗ ಮುಟ್ಟಿದವರಿಗೆಲ್ಲ ಪಾಲು. ಅದು ರಂಪಣಿಯ ಕಟ್ಟಳೆ. ಇವರು ಅಂಗಿ ತೊಟ್ಟು ಬಂದು ಹೊಯ್ಗೆಯ ಮೇಲೆ ಮೀನಿನ ರಾಶಿಗಳನ್ನು ಇಡುತ್ತಾ ಹೋದರು. ತಂಡದವರಿಗೆ, ದೋಣಿಗೆ, ಬಲೆಗೆ, ಆಮೇಲೆ ಹಗ್ಗ ಹಿಡಿದ ಒಬ್ಬೊಬ್ಬ ಅತಿಥಿಗೆ. ಆ ಮಗುವಿಗೂ ಒಂದು ಸಣ್ಣ ರಾಶಿ ಇಟ್ಟರು. ಇಟ್ಟು ತಿರುಗಿ ನೋಡಿದರೆ ಅತಿಥಿಗಳು ಕೈ ತೊಳೆಯಲು ಹೋಗಿಯಾಗಿತ್ತು. ಒಳಗೆ ಊಟ ಶುರುವಾಗಿತ್ತು.

ಒಬ್ಬರ ಪಾಲನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ತಂಡದವರು ತಮ್ಮ ಪಾಲು ಹೊತ್ತು ಹೋದರು. ಇವರ ಹೆಂಡತಿ ಬುಟ್ಟಿ ತಂದು, "ಅವ್ರ್ ಬತ್ತಿಲ್ಲೆ, ನಾ ತಕಂಡ್ ಹೋತೆ. ಹಾಳಾಪುದ್ ಎಂತಕ್ಕೆ?" ಎಂದರೆ, "ಅದ್ ಅವ್ರ್ ಪಾಲ್. ಮುಟ್ಟುಕಾಗ" ಎಂದು ಗದರಿದರು. ಕಾಗೆ, ಹದ್ದು ಓಡಿಸುತ್ತ ಆ ರಾಶಿಗಳ ಮಧ್ಯೆ ಕೂತರು. ನಾನೂ ಸ್ವಲ್ಪ ಹೊತ್ತು ಕೂತು, ಸಿಟ್ಟಿಗೆ ಎದ್ದು ಬಂದೆ. ಮೀನು ನಾರತೊಡಗಿದ ಮೇಲೆ ಆ ವರ್ಷದ ಮ್ಯಾನೇಜರ್, ಅವನೂ ಅಂಕಲ್ ಎನ್ನುವವನೇ, ಬಂದು, "ಅಂಕಲ್, ಗೆಸ್ಟ್ಸ್ ಕಂಪ್ಲೇಂಟ್ ಮಾಡ್ತಿದಾರೆ" ಎಂದು, ಬೀಚ್ ಗುಡಿಸುವ ಟ್ರ್ಯಾಕ್ಟರ್ ತರಿಸಿ ಎಲ್ಲವನ್ನೂ ಗುಂಡಿಗೆ ತಳ್ಳಿಸಿದನಂತೆ. ಮಗುವಿನ ಪಾಲೂ ಅದರಲ್ಲೇ ಹೋಯಿತು.

ಕಾರ್ಯಕ್ರಮ ಮಾತ್ರ ಅತಿಥಿಗಳಿಗೆ ಹಿಡಿಸಿತ್ತು. ವಾರ ವಾರ ಮಾಡೋಣ ಅಂಕಲ್, ಆದರೆ ಮೀನು ಬೇಡ, ಬಲೆಯಲ್ಲಿ ಮೀನು ಸೇರುವ ಚೀಲದ ತುದಿ ಬಿಚ್ಚಿಟ್ಟು ಖಾಲಿ ಎಳೆಯಿರಿ ಎಂದರು. ಮುಂಡಾಸು ಕೊಟ್ಟರು. ಇವರು ಒಪ್ಪಿಕೊಂಡರು.

ನಾನು ಜಗಳವಾಡಿದೆ. ಹೋಟೆಲಿನಲ್ಲಿ ಗಿರಾಕಿಗಳಿದ್ದಾರೆ ಎಂದೂ ನೋಡಲಿಲ್ಲ. "ಖಾಲಿ ಬಲಿ ಎಳುಕ್ ನಿಮ್ಗೆ ಮರ್ಯಾದಿ ಇಲ್ಯಾ? ಕೋಲ ಕಟ್ಟಿ ಕುಣ್ಸ್ತಿದ್ರ್ ನಿಮ್ಮನ್."

ಅವರು ಸಿಟ್ಟಾಗಲಿಲ್ಲ. ಮೇಜಿನ ಮೇಲಿನ ನೀರನ್ನು ಬೆರಳಿನಿಂದ ಒರೆಸುತ್ತ ಹೇಳಿದರು. "ಬಲಿ ಬಿದ್ರೆ ಆ ಕಡ್ಲ್ ನಮ್ದ್ ಅಂಬುದೊಂದ್ ಉಳೀತ್. ಖಾಲಿ ಆದ್ರೂ ಬೀಳ್ಲಿ ಮಾರಾಯ್ರೆ. ನಾ ಬಿಟ್ಟೆ ಅಂದ್ರೆ ಅಲ್ಲ್ ಬಲಿ ಇತ್ತಂಬುದೇ ಹುಡ್ಗ್ರಿಗ್ ಗೊತ್ತಿರುದಿಲ್ಲೆ." ಹಾಳಾಗಿ ಹೋಗಿ ಎಂದೆ.

ಎರಡು ಸೀಸನ್ ಹಾಗೆ ನಡೆಯಿತು. ಇವರ ತಲೆಗೆ ಕೆಂಪು ಮುಂಡಾಸು, ತಂಡದವರ ಸೊಂಟಕ್ಕೆ ಒಂದೇ ಬಣ್ಣದ ಪಂಚೆ. ಹಗ್ಗ ಎಳೆಯುವಾಗ ಹಾಡಬೇಕಂತೆ. ನಮ್ಮಲ್ಲಿ ಎಳೆಯುವಾಗ ಬೈಯುವುದು, ಕೂಗುವುದು ಬಿಟ್ಟು ಬೇರೆ ಹಾಡಿಲ್ಲ. ಹಾಡನ್ನೂ ಅವರೇ ಸ್ಪೀಕರಿನಲ್ಲಿ ಹಾಕಿದರು.

ಕಡೆಯ ಸಲ ಬಲೆ ಬಿದ್ದ ದಿನ ಅವರ ಹೆಂಡತಿ ಬುಟ್ಟಿ ಹಿಡಿದುಕೊಂಡು ನನ್ನ ಹೋಟೆಲಿಗೆ ಓಡಿಬಂದರು. "ಹ್ವಾಯ್, ನಿಮ್ ಸ್ಕೂಟರ್ ತೆಗಿನಿ. ಬೈಗಿ ಬಂದಿತ್ತ್. ಹಕ್ಕಿ ಎಲ್ಲ ಅಲ್ಲೇ ಬೀಳ್ತಿತ್ತ್." ಆ ವರ್ಷ ನಮ್ಮ ಕಡೆ ಯಾರಿಗೂ ಮೀನಿರಲಿಲ್ಲ. ಬೋಟುಗಳು ಖಾಲಿ ಬರುತ್ತಿದ್ದವು, ನಾನು ಮೀನೂಟದ ಬೋರ್ಡು ತಿರುಗಿಸಿ ಇಟ್ಟಿದ್ದೆ. ಆಕೆಯನ್ನು ಹಿಂದೆ ಕೂರಿಸಿಕೊಂಡು ಹೋದೆ. ರೆಸಾರ್ಟಿನ ಗೇಟಿನಲ್ಲಿ ಕಾವಲಿನವನು ಬುಟ್ಟಿ ಒಳಗೆ ಬಿಡುವುದಿಲ್ಲ ಎಂದ. ನಾನು ಅವನ ಮೇಲೆ ಕೂಗಾಡಿದೆ. ಅಷ್ಟರಲ್ಲಿ ಆಕೆ ಗಿಡ್ಡ ಗೋಡೆಯ ಹತ್ತಿರ ಹೋಗಿ ನಿಂತಿದ್ದರು. ನಾನೂ ಅಲ್ಲಿಗೆ ಹೋದೆ, ಅಲ್ಲಿಂದ ಎಲ್ಲ ಕಾಣುತ್ತಿತ್ತು.

ಮೀನಿನ ದಂಡಿಗೆ ದಡದ ಹತ್ತಿರವೇ ನೀರು ಕಪ್ಪಾಗಿತ್ತು. ಬಲೆ ಅರ್ಧ ಬಂದಿತ್ತು, ತಂಡದವರು ಎಳೆಯುವುದು ಬಿಟ್ಟು ಇವರ ಮುಖ ನೋಡುತ್ತಿದ್ದರು. ಚೀಲದ ತುದಿ ಬಿಚ್ಚಿದ್ದರೂ ಅದು ಭಾರಕ್ಕೆ ಮುದುಡಿ ಸಿಕ್ಕಿಕೊಂಡು ಮೀನು ಒಳಗೇ ತುಂಬಿತ್ತು. ಒಂದು ಗಂಟು ಹಾಕಿ ಎಳೆದಿದ್ದರೆ ಊರಿಗೆಲ್ಲ ಮೀನು. ಮ್ಯಾನೇಜರ್ ಮೊಣಕಾಲು ನೀರಿನಲ್ಲಿ ನಿಂತು ಏನೋ ಹೇಳುತ್ತಿದ್ದ. ಮೀನು ದಡಕ್ಕೆ ಬಂದರೆ ಇದೇ ಕೊನೆ, ಇನ್ನು ಬಲೆ ಬೇಡ ಎಂದು ಹೇಳಿದನೆಂದು ಆಮೇಲೆ ತಂಡದವರಿಂದ ತಿಳಿಯಿತು. ಇವರು ನೀರಿಗಿಳಿದು, ಎದೆಯುದ್ದ ನೀರಿನವರೆಗೆ ಹೋಗಿ, ತೋಳು ಒಳಗೆ ಹಾಕಿ ಮುದುಡಿದ ತುದಿ ಬಿಡಿಸಿದರು.

ಮೀನು ಹೋಗುವುದು ದಡದವರೆಗೂ ಕಂಡಿತು. ಗೈಡು ಮೈಕಿನಲ್ಲಿ ಇಂಗ್ಲಿಷಿನಲ್ಲಿ ವಿವರಿಸಿದ. ಈ ಜನ ಕಡಲನ್ನು ತಾಯಿಯೆಂದು ನಂಬುತ್ತಾರೆ, ತಾಯಿಯ ಮಕ್ಕಳನ್ನು ತಾಯಿಗೇ ಮರಳಿಸುತ್ತಾರೆ ಎಂದ. ಅತಿಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಲವರಿಗೆ ಕಣ್ಣಲ್ಲಿ ನೀರು ಬಂದಿತ್ತು. ಮ್ಯಾನೇಜರ್ ಓಡಿಬಂದು ಇವರ ಕೈ ಹಿಡಿದು ಕುಲುಕಿ, ಗೋಡೆಯ ಹೊರಗಿದ್ದ ನಮಗೂ ಕೇಳುವಷ್ಟು ಜೋರಾಗಿ ಹೇಳಿದ, "ಸೂಪರ್ ಅಂಕಲ್. ಇನ್ಮೇಲೆ ಪ್ರತೀ ಸಲ ಇದನ್ನೇ ಮಾಡೋಣ."

ಅವರು ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಗೇಟಿನಿಂದ ಹೊರಗೆ ಬಂದರು. ಹೆಂಡತಿಯನ್ನು ಕಂಡು ನಿಂತುಬಿಟ್ಟರು. ಆಕೆ ಗೋಡೆಯ ಹತ್ತಿರದಿಂದ ಬಂದದ್ದನ್ನು ಅವರು ನೋಡಿರಲಿಲ್ಲ.

"ಮೀನ್ ಎಲ್ಲಿ?" ಎಂದು ಆಕೆ ಕೇಳಿದರು.

"ಮೀನ್ ಇರ್ಲಿಲ್ಲೆ. ಬರೀ ಕಸ ಬಂದಿತ್ತ್."

ಅವರ ತೋಳಿನ ತುಂಬ ಬೈಗೆಯ ಚಿಪ್ಪು ಅಂಟಿತ್ತು. ಆಕೆ ತೋಳನ್ನು ನೋಡಿದರು, ಅವರ ಮುಖ ನೋಡಿದರು. ಅಷ್ಟು ವರ್ಷ ಬಾಯಿಜೋರಿನ ಹೆಂಗಸು, ಅವತ್ತು ದನಿ ಎತ್ತಲಿಲ್ಲ.

"ಸುಳ್ ಹೇಳುಕೂ ಅವ್ರೇ ಕಲ್ಸ್ರಾ?"

ಅವರು ಹೆಂಡತಿಯ ಕೈಯಿಂದ ಖಾಲಿ ಬುಟ್ಟಿ ತೆಗೆದುಕೊಂಡು ಮನೆಯ ಕಡೆ ನಡೆದರು. ಮುಂದಿನ ವಾರ ರೆಸಾರ್ಟಿನ ಗಾಡಿ ಬಂದು ಅವರ ಅಂಗಳದಲ್ಲಿ ಹಾರ್ನ್ ಹಾಕಿತು. ಅವರು ಹೊರಗೆ ಬರಲಿಲ್ಲ. ಅದರ ಮುಂದಿನ ವಾರ ಗಾಡಿಯೂ ಬರಲಿಲ್ಲ. ಹಾಗೆ ಕಡಲು ಹೋಯಿತು.